ಕಿಳ್ಳೆಕ್ಯಾತನಿಲ್ಲದ ಆಟ

ಅನಿಮೇಷನ್ ಚಿತ್ರವೊಂದಕ್ಕೆ ಪ್ರಶಸ್ತಿ ಬಂತು ಅಂದರೆ ನಮ್ಮವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಖರ್ಚಾಯಿತು? ಎಷ್ಟು ದುಡೀತು? ಇನ್ನೂ ಒಂದು ಕೇಳಿದರೆ, ‘ಹಾಲಿವುಡ್ ಥರಾ ಇದೆಯಾ?’ ಅಂತ. ಅದರೊಳಗಿನ ಪಾತ್ರಗಳು ಯಾವ ಊರಿನ ಮಾತಾಡುತ್ತವೆ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಊರಲ್ಲೇ ಇರುವವರಿಗೆ ಅದು ಕೇಳಬೇಕಾದ ಪ್ರಶ್ನೆ ಅಂತಲೂ ಅನ್ನಿಸಲಿಕ್ಕಿಲ್ಲ. ಮನೆಯೊಳಗೊಂದು ಮಾತು, ಹೊಸ್ತಿಲು ದಾಟಿದರೆ ಇನ್ನೊಂದು ಮಾತು ಅಂತ ಬದುಕುವವರಿಗೆ ಮಾತ್ರ ಅದು ಕಿವಿಯಲ್ಲಿ ಕೂತುಬಿಟ್ಟಿರುತ್ತದೆ.

ನಾನಿರುವುದು ಮಂಗಳಗಿರಿಯಲ್ಲಿ. ವಿಜಯವಾಡದಿಂದ ಗುಂಟೂರಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಕನ್ನಡನಾಡಿನವರಿಗೆ ಇದರ ಹೆಸರು ಗೊತ್ತಿದ್ದರೆ ಕೈಮಗ್ಗದ ಸೀರೆಯಿಂದ, ಇಲ್ಲವೇ ನರಸಿಂಹನಿಂದ. ಬೆಟ್ಟದ ಬುಡದಲ್ಲಿ ಲಕ್ಷ್ಮೀನರಸಿಂಹ, ಮೇಲೆ ಪಾನಕಾಲ ನರಸಿಂಹ, ತುತ್ತತುದಿಯಲ್ಲಿ ಗಂಡಾಲ ನರಸಿಂಹ. ಪಾನಕಾಲಸ್ವಾಮಿ ಅಂದರೆ ತೆರೆದ ಒಂದು ಬಾಯಿ, ಅಷ್ಟೇ. ಅರ್ಚಕರು ಶಂಖದಿಂದ ಬೆಲ್ಲದ ಪಾನಕ ಹೊಯ್ಯುತ್ತಾರೆ. ಗುಟುಗುಟು ಸದ್ದು ಕೇಳುತ್ತದೆ. ಸದ್ದು ನಿಂತರೆ ಸ್ವಾಮಿಗೆ ಸಾಕಾಯಿತು ಅಂತ ಲೆಕ್ಕ. ಉಳಿದ ಅರ್ಧ ತಂದವರಿಗೇ ಪ್ರಸಾದ. ಇಷ್ಟು ಬೆಲ್ಲ ಸುರಿದರೂ ಇರುವೆ ಮುತ್ತುವುದಿಲ್ಲ ಅನ್ನುವುದು ಊರವರ ಹೆಮ್ಮೆ. ಹಿರಣ್ಯಕಶಿಪುವಿನ ಕರುಳು ಬಗೆದ ದೇವರ ಜೊತೆ ಇಲ್ಲಿಯ ಜನ ನಡೆದುಕೊಳ್ಳುವ ಸಲುಗೆ ಇದು. ನಿನಗರ್ಧ, ನಮಗರ್ಧ.

ಇಂಥ ಊರಿನ ಜನರ ಜೊತೆ ಕೂತು ‘ಮಹಾವತಾರ ನರಸಿಂಹ’ ನೋಡಿದೆ. ಅಶ್ವಿನ್ ಕುಮಾರ್ ನಿರ್ದೇಶನದ ಈ ಅನಿಮೇಷನ್ ಚಿತ್ರ 2024ರ ನವೆಂಬರಿನಲ್ಲಿ ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೆರೆಕಂಡು, 2025ರ ಜುಲೈ 25ರಂದು ಚಿತ್ರಮಂದಿರಗಳಿಗೆ ಬಂತು. ಮುನ್ನೂರು ಕೋಟಿ ರೂಪಾಯಿ ದಾಟಿತು. ಅದನ್ನು ಅರ್ಪಿಸಿದವರು ನಮ್ಮ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ವಿಜಯವಾಡದ ಥಿಯೇಟರಿನಲ್ಲಿ ಆ ಹೆಸರು ಕಂಡಾಗ ‘ನಮ್ಮೋರು!’ ಅಂತ ಸಂತೋಷಪಟ್ಟೆ, ಸುಳ್ಳೇಕೆ ಹೇಳಲಿ. ಕಂಬ ಒಡೆದು ನರಸಿಂಹ ಹೊರಬಂದಾಗ ಜನ ಎದ್ದುನಿಂತು ಕೈಮುಗಿದರು. ನನಗೂ ಮೈ ಜುಮ್ಮೆಂದಿತು. ಕೊನೆಯ ಆ ಭಾಗದ ಬಣ್ಣ, ವೇಗ, ಸಿಂಹದ ಕೇಸರದ ಅಲುಗಾಟ, ಯಾವುದಕ್ಕೂ ಹೆಸರಿಡುವ ಹಾಗಿಲ್ಲ.

ಆದರೆ ಹೊರಗೆ ಬರುತ್ತ ಪಕ್ಕದ ಮನೆಯ ಅಮ್ಮಮ್ಮಗಾರು ಒಂದು ಮಾತು ಹೇಳಿದರು. ‘ಬೊಮ್ಮ ಬಾಗುಂದಿ ಬಾಬೂ, ಗೊಂತು ಲೇದು.’ ಬೊಂಬೆ ಚೆನ್ನಾಗಿದೆ, ಗಂಟಲಿಲ್ಲ. ಅವರ ಕಿವಿಯಲ್ಲಿದ್ದದ್ದು 1967ರ ತೆಲುಗು ‘ಭಕ್ತ ಪ್ರಹ್ಲಾದ’ದಲ್ಲಿ ಎಸ್.ವಿ. ರಂಗಾರಾವ್ ಆಡಿದ ಹಿರಣ್ಯಕಶಿಪುವಿನ ಮಾತು. ನನ್ನ ಕಿವಿಯಲ್ಲಿದ್ದದ್ದು 1983ರ ಕನ್ನಡದ ‘ಭಕ್ತ ಪ್ರಹ್ಲಾದ’, ಅಪ್ಪ ರಾಜಕುಮಾರ್ ಹಿರಣ್ಯಕಶಿಪು, ಮಗ ಪುನೀತ್ ಪ್ರಹ್ಲಾದ. ‘ಎಲ್ಲಿದ್ದಾನೋ ನಿನ್ನ ಹರಿ’ ಅಂತ ಅಪ್ಪನೊಬ್ಬ ಮಗನನ್ನು ಕೇಳುವ ಪ್ರಶ್ನೆಯಲ್ಲಿ ಸಿಟ್ಟೂ ಇರಬೇಕು, ಕರುಳೂ ಇರಬೇಕು. ಅದು ಗಂಟಲಿನ ಕೆಲಸ, ಕಂಪನಿ ನಾಟಕದಿಂದ ಇಳಿದು ಬಂದ ಕೆಲಸ. ಹೊಸ ಚಿತ್ರದ ಡಬ್ಬಿಂಗಿನಲ್ಲಿ ಸಿಟ್ಟು ಹೇರಳವಾಗಿದೆ. ಕರುಳಿನ ಭಾಗ ನಮಗೆ ಕೇಳಿಸಲಿಲ್ಲ. ಒಂದೇ ಚಿತ್ರ ಐದು ಭಾಷೆಯಲ್ಲಿ ಬಂತು. ಐದರಲ್ಲೂ ವ್ಯಾಕರಣ ಸರಿ ಇದ್ದೀತು. ಆದರೆ ಪಾನಕದಲ್ಲಿ ಅರ್ಧ ಪಾಲು ಕೇಳುವ ಈ ಊರಿನವರು ಮಾತಾಡುವ ಹಾಗೆ ಮಾತಾಡುವವರು ಆ ಕಥೆಯೊಳಗೆ ಒಬ್ಬರೂ ಇಲ್ಲ.

ಹಾಗೆ ಮಾತಾಡುವವನೊಬ್ಬ ನಮ್ಮಲ್ಲಿ ಹಿಂದಿನಿಂದಲೂ ಇದ್ದಾನೆ. ತೊಗಲುಗೊಂಬೆಯಾಟದ ಕಿಳ್ಳೆಕ್ಯಾತ. ಕಪ್ಪು ಮೈ, ಡೊಳ್ಳು ಹೊಟ್ಟೆ, ದಪ್ಪ ತುಟಿ. ಜೊತೆಗೆ ಹೆಂಡತಿ ಬಂಗಾರಕ್ಕ. ರಾಮ ಕಾಡಿಗೆ ಹೊರಟಿರಲಿ, ಲಂಕೆಗೆ ಬೆಂಕಿ ಬಿದ್ದಿರಲಿ, ಈ ಗಂಡಹೆಂಡತಿ ನಡುವೆ ನುಗ್ಗಿ ಜಗಳ ತೆಗೆಯುತ್ತಾರೆ. ಆ ಊರಿನ ಗೌಡನ ಹೆಸರು, ಆ ವರ್ಷದ ಮಳೆ, ಯಾರದೋ ಮನೆಯ ಸೊಸೆ, ಎಲ್ಲ ಅವರ ಬಾಯಿಗೆ ಬರುತ್ತದೆ. ಆಂಧ್ರದ ತೋಲುಬೊಮ್ಮಲಾಟದಲ್ಲೂ ಬಂಗಾರಕ್ಕ ಇದ್ದಾಳೆ, ಜುಟ್ಟುಪೋಲಿಗಾಡು ಇದ್ದಾನೆ. ತೊಗಲನ್ನು ಹದ ಮಾಡಿ, ಕತ್ತರಿಸಿ, ತೂತು ಕೊರೆದು, ಬಣ್ಣ ತುಂಬಿ, ಕೀಲು ಕಟ್ಟಿ, ಹಿಂದಿನಿಂದ ದೀಪ ಹಿಡಿದು ಕುಣಿಸುವ ಈ ಕಲೆಯನ್ನು ಅನಿಮೇಷನ್ನಿನ ಅಜ್ಜಿ ಅಂದರೆ ತಪ್ಪಾಗದು. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕಪ್ಪು ಕಾಗದ ಕತ್ತರಿಸಿ ಕೀಲುಗೊಂಬೆ ಮಾಡಿ, ಒಂದೊಂದೇ ಚೌಕಟ್ಟು ಸೆರೆಹಿಡಿದು ‘ರಾಜಕುಮಾರ ಅಹಮದ್‌ನ ಸಾಹಸಗಳು’ ಚಿತ್ರ ಮಾಡಿದ್ದು ನೆರಳಾಟದ ಈ ಬುದ್ಧಿಯಿಂದಲೇ.

ಹಾಗಾದರೆ ಪ್ರಶಸ್ತಿ ಪಡೆದ ಚಿತ್ರಗಳಲ್ಲಿ ಈ ಕಿಳ್ಳೆಕ್ಯಾತನಿಗೆ ಜಾಗ ಸಿಕ್ಕಿದೆಯೇ? ಒಂದರಲ್ಲಿ ಸಿಕ್ಕಿದೆ, ಅದೂ ಅಮೆರಿಕದ ಹೆಂಗಸಿನ ಚಿತ್ರದಲ್ಲಿ. ಫ್ರಾನ್ಸಿನ ಆನ್ಸಿ ಊರಿನಲ್ಲಿ 1960ರಿಂದ ಅನಿಮೇಷನ್ ಉತ್ಸವ ನಡೆಯುತ್ತಿದೆ. ಈ ಕ್ಷೇತ್ರದವರಿಗೆ ಅದು ದೊಡ್ಡ ಜಾತ್ರೆ. 2008ರಲ್ಲಿ ಅಲ್ಲಿ ಕಥಾಚಿತ್ರಗಳ ಮೊದಲ ಬಹುಮಾನ ಬಂದದ್ದು ನೀನಾ ಪೇಲಿಯ ‘ಸೀತಾ ಸಿಂಗ್ಸ್ ದ ಬ್ಲೂಸ್’ಗೆ. ಗಂಡನಿಗೆ ತಿರುವನಂತಪುರದಲ್ಲಿ ಕೆಲಸ ಸಿಕ್ಕಿತು, ಆಕೆ ಅವನ ಹಿಂದೆ ಬಂದಳು. ಆಮೇಲೆ ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋಗಿದ್ದಾಗ ‘ವಾಪಸು ಬರಬೇಡ’ ಅಂತ ಗಂಡನ ಈಮೇಲ್ ಬಂತು. ಆ ದುಃಖವನ್ನು ಸೀತೆಯ ಜೊತೆ ಹೊಲಿದು, ಹೆಚ್ಚಿನ ಕೆಲಸವನ್ನು ಒಬ್ಬಳೇ ಮನೆಯ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಅದು. ಸೀತೆ ಬಾಯಿ ತೆರೆದರೆ ಬರುವುದು 1920ರ ದಶಕದ ಅಮೆರಿಕನ್ ಗಾಯಕಿ ಆನೆಟ್ ಹ್ಯಾನ್‌ಷಾಳ ದನಿ.

ನಮ್ಮವರಲ್ಲಿ ಕೆಲವರು ಈ ಚಿತ್ರದ ಮೇಲೆ ಸಿಟ್ಟಾದರು. ಸೀತೆಯನ್ನು ಹೀಗೆ ಸೊಂಟ ಬಳುಕಿಸುವ ಬೊಂಬೆ ಮಾಡಬಹುದೇ ಅಂತ. ಆ ಅಸಮಾಧಾನ ನನಗೆ ಅರ್ಥವಾಗುತ್ತದೆ. ಆದರೆ ಅದರ ಜೀವ ಇರುವುದು ಬೇರೆ ಕಡೆ, ಮೂರು ನೆರಳುಬೊಂಬೆಗಳ ಹರಟೆಯಲ್ಲಿ. ಭಾರತದಲ್ಲಿ ಬೆಳೆದು ಹೊರದೇಶ ಸೇರಿದ ಮೂವರು ರಾಮಾಯಣ ನೆನಪಿಸಿಕೊಳ್ಳುತ್ತಾರೆ. ಬರೆದ ಸಂಭಾಷಣೆಯಲ್ಲ, ಸುಮ್ಮನೆ ಮಾತಾಡಿದ್ದು. ಒಬ್ಬರಿಗೆ ಹೆಸರು ಮರೆತಿದೆ, ಇನ್ನೊಬ್ಬರಿಗೆ ಘಟನೆಯ ಕ್ರಮ ತಪ್ಪಿದೆ, ಮೂರನೆಯವರು ‘ಅಲ್ಲ ಕಣ್ರೀ’ ಅನ್ನುವ ಧಾಟಿಯಲ್ಲಿ ತಿದ್ದುತ್ತಾರೆ. ಆಡುವುದು ಇಂಗ್ಲಿಷು. ಆದರೂ ಅಡುಗೆಮನೆಯ ಮಾತು. ಊರು ಬಿಟ್ಟವರು ಅಜ್ಜಿಯಿಂದ ಕೇಳಿದ ಕಥೆಯನ್ನು ನೆನೆಯುವುದೇ ಹೀಗೆ, ಅರ್ಧಂಬರ್ಧ, ಜಗಳವಾಡುತ್ತ. ಆನ್ಸಿಯ ತೀರ್ಪುಗಾರರು ಬಂಗಾರಕ್ಕನನ್ನು ನೋಡಿರಲಿಕ್ಕಿಲ್ಲ. ಆದರೆ ಅವರು ಬಹುಮಾನ ಕೊಟ್ಟ ಚಿತ್ರವನ್ನು ಎತ್ತಿ ನಿಲ್ಲಿಸಿರುವುದು ಬಂಗಾರಕ್ಕನ ವಿದ್ಯೆಯೇ.

ಇದರ ಪಕ್ಕಕ್ಕೆ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರ ‘ರಾಜಿ’ ಎಂಬ ಆಟ ಇಟ್ಟು ನೋಡಿ. 2020ರಲ್ಲಿ ಬಂತು, ಆ ವರ್ಷದ ದ ಗೇಮ್ ಅವಾರ್ಡ್ಸ್‌ನಲ್ಲಿ ಹೊಸಬರ ವಿಭಾಗದ ಅಂತಿಮ ಪಟ್ಟಿಗೂ ಹೋಯಿತು. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿಕೊಂಡು ಹೊರಟ ಅಕ್ಕನ ಕಥೆ. ನಡುನಡುವೆ ಕಥೆ ಹೇಳುವ ಭಾಗಗಳನ್ನು ನೆರಳುಬೊಂಬೆಯ ಶೈಲಿಯಲ್ಲೇ ಮಾಡಿದ್ದಾರೆ, ನೋಡಲು ಬಲು ಚೆಂದ. ಆದರೆ ಕಥೆ ಹೇಳುವವರು ದುರ್ಗೆ ಮತ್ತು ವಿಷ್ಣು. ಮೇಲೆ ಕೂತು ಕೆಳಗಿನ ಹುಡುಗಿಯ ಬಗ್ಗೆ ಮಾತಾಡಿಕೊಳ್ಳುವ ದೇವರುಗಳು. ತೊಗಲು ಬಂತು, ದೀಪ ಬಂತು, ಕಿಳ್ಳೆಕ್ಯಾತ ಮಾತ್ರ ಬರಲಿಲ್ಲ. ನಮ್ಮ ಪರಂಪರೆ ಅಂತ ಗೌರವದಿಂದ ಎತ್ತಿಕೊಳ್ಳುವವರೆಲ್ಲ ಮೊದಲು ಬಿಟ್ಟುಬಿಡುವುದು ಅವನನ್ನೇ. ಗಲೀಜು ಮಾತಾಡುವವನು, ಕಥೆಗೆ ಅಡ್ಡ ಬರುವವನು, ಬಿಟ್ಟರೇನು ನಷ್ಟ ಅಂತ. ನಷ್ಟ ಎಷ್ಟು ಅನ್ನುವುದು ಆಟ ನಿಲ್ಲಿಸಿದ ಮೇಲೆ ತಿಳಿಯುತ್ತದೆ. ಚಿತ್ರ ನೆನಪಿರುತ್ತದೆ, ಮಾತು ಒಂದೂ ನೆನಪಿರುವುದಿಲ್ಲ.

ದೇವರಿಲ್ಲದ, ಯುದ್ಧವಿಲ್ಲದ ಆಟವೊಂದು ಈ ಕೆಲಸವನ್ನು ಚೆನ್ನಾಗಿ ಮಾಡಿತು. 2023ರ ‘ವೆಣ್ಬಾ’. ಟೊರಾಂಟೊದ ಪುಟ್ಟ ತಂಡ ವಿಸೈ ಗೇಮ್ಸ್ ಮಾಡಿದ್ದು. 2024ರಲ್ಲಿ ಸ್ವತಂತ್ರ ಆಟಗಳ ಉತ್ಸವದ ಅತಿ ದೊಡ್ಡ ಬಹುಮಾನವೂ, ಬ್ರಿಟನ್ನಿನ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿಯೂ ಅದಕ್ಕೇ ಬಂದವು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಹೆಣ್ಣುಮಗಳು ವೆಣ್ಬಾ, ಗಂಡ, ಅಲ್ಲೇ ಹುಟ್ಟಿ ಬೆಳೆಯುವ ಮಗ ಕವಿನ್. ಆಡುವವರು ಮಾಡಬೇಕಾದ್ದು ಅಡುಗೆ. ಊರಿಂದ ತಂದ ಅಮ್ಮನ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿವೆ. ಇಡ್ಲಿಯಿಂದ ಶುರು. ಯಾವುದು ಮೊದಲು, ಯಾವುದು ಆಮೇಲೆ ಅಂತ ಬಿಟ್ಟುಹೋದ ಹೆಜ್ಜೆಗಳನ್ನು ನಾವೇ ಊಹಿಸಬೇಕು. ಹಿಂದೆ ರೇಡಿಯೋದಲ್ಲಿ ತಮಿಳು ಹಾಡು.

ಪರದೇಶದ ಒಂಟಿತನದ ಬಗ್ಗೆ ನಮ್ಮಲ್ಲಿ ಬಂದ ಬರಹಗಳು ಸಾಕಷ್ಟಿವೆ, ಕಣ್ಣೀರೂ ಸಾಕಷ್ಟಿದೆ. ‘ವೆಣ್ಬಾ’ದ ಹೆಚ್ಚುಗಾರಿಕೆ ಏನೆಂದರೆ ಅದು ನಮ್ಮನ್ನು ನೋಡುಗರಾಗಿ ಬಿಡುವುದಿಲ್ಲ, ಕೈಗೆ ಕೆಲಸ ಕೊಡುತ್ತದೆ. ಹರಿದ ಪುಟವನ್ನು ನೋಡುತ್ತ ‘ಅಮ್ಮ ಇಲ್ಲಿ ಏನು ಮಾಡ್ತಿದ್ಲು?’ ಅಂತ ಯೋಚಿಸುವ ಆ ಕ್ಷಣ ಇದೆಯಲ್ಲ, ಅದು ಊರು ಬಿಟ್ಟ ಎಲ್ಲರ ಅನುಭವ. ಆಟದ ನಿಯಮವೇ ಅದರ ಅರ್ಥವಾಗಿದೆ. ಒಂದು ಕೊರತೆಯೂ ಇದೆ. ಮಗ ಮನೆಮಾತಿನಿಂದ ದೂರವಾಗುವ ವರ್ಷಗಳನ್ನು ಅದು ಬೇಗ ಬೇಗ ದಾಟಿಬಿಡುತ್ತದೆ, ಒಂದೆರಡು ತಾಸಿನಲ್ಲಿ ಎಲ್ಲ ಮುಗಿಯುತ್ತದೆ. ನಿಜವಾದ ಮನೆಗಳಲ್ಲಿ ಆ ದೂರ ದಿನಕ್ಕೊಂದು ಪದದಷ್ಟು ನಿಧಾನವಾಗಿ ಬೆಳೆಯುತ್ತದೆ. ಇವತ್ತು ‘ಚಮಚ’ ಹೋಯಿತು, ನಾಳೆ ‘ಹಿತ್ತಲು’.

ಇಷ್ಟು ಹೇಳಿದ ಮೇಲೆ ಕನ್ನಡದ ಪಾಲೇನು ಅಂತ ಕೇಳಬೇಕು. ಕೈಗಳಿಗೇನೂ ಕೊರತೆಯಿಲ್ಲ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ಬೆಂಗಳೂರಿನಲ್ಲಿ ಗ್ಯಾಫೆಕ್ಸ್ ಸಮಾವೇಶ ನಡೆಯುತ್ತದೆ. ತೆಲುಗಿನ ‘ಕಿಟ್ಟು’ ಎಂಬ ಕೋತಿಯ ಚಿತ್ರ 2006ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವಾಯಿತು. ನಮ್ಮ ಮಕ್ಕಳಿಗೋ, ಡಬ್ಬಿಂಗಿಗೆ ದಶಕಗಟ್ಟಲೆ ಇದ್ದ ಅಘೋಷಿತ ತಡೆಯಿಂದ ಕಾರ್ಟೂನು ಅಂದರೆ ಹಿಂದಿ ಅಥವಾ ಇಂಗ್ಲಿಷು. 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನು ಪಾತ್ರಗಳ ಬಾಯಲ್ಲಿ ದಿನವೂ ಕನ್ನಡ ಕೇಳುವಂತಾಯಿತು. ಡಬ್ಬಿಂಗ್ ತಡೆಯುವುದು ಸರಿಯಲ್ಲ ಅಂತ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಕನ್ನಡದ ಕಾವಲಿಗೆ ಅಂತ ಹಾಕಿದ ಬೇಲಿ ಕನ್ನಡದ ಮಕ್ಕಳನ್ನೇ ಹೊರಗಿಟ್ಟಿತು.

ಇನ್ನು ‘ಪುಣ್ಯಕೋಟಿ’. ಬೆಂಗಳೂರಿನ ರವಿಶಂಕರ್ ಜನರಿಂದ ಹಣ ಕೂಡಿಸಿ, ಇಳಯರಾಜಾ ಅವರಿಂದ ಸಂಗೀತ ಮಾಡಿಸಿ 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ತಂದ ಅನಿಮೇಷನ್ ಚಿತ್ರ. ಅಷ್ಟು ಶ್ರಮಕ್ಕೆ ಕೈಮುಗಿಯಬೇಕು. ಆದರೆ ಚಿತ್ರದ ಭಾಷೆ ಸಂಸ್ಕೃತ! ನಮ್ಮಲ್ಲಿ ಓದು ಬಾರದವರಿಗೂ ಬಾಯಿಪಾಠ ಬರುವ ಹಾಡು ಗೋವಿನ ಹಾಡು. ಕರುವನ್ನು ಬೇರೆ ಹಸುಗಳ ಕೈಗೊಪ್ಪಿಸಿ ಹುಲಿಯ ಗವಿಗೆ ಹೊರಟ ತಾಯಿಯ ಮಾತು ನಮ್ಮ ಗಂಟಲನ್ನು ಕಟ್ಟಿಸುವುದು ಅದರ ಸತ್ಯಸಂಧತೆಯಿಂದಷ್ಟೇ ಅಲ್ಲ, ಅದು ಹಟ್ಟಿಯ ಕನ್ನಡದಲ್ಲಿರುವುದರಿಂದ. ಸಂಸ್ಕೃತದಲ್ಲಿ ಆ ಹಸು ನೀತಿ ಹೇಳುತ್ತದೆ. ಕನ್ನಡದಲ್ಲಿ ಅದು ಅಮ್ಮ. ಎಲ್ಲರಿಗೂ ತಲುಪಲಿ ಎಂದು ಎತ್ತರದ ಭಾಷೆಗೆ ಏರಿಸಿದ್ದು ಯಾರ ಮನೆಯ ಅಂಗಳಕ್ಕೂ ಪೂರ್ತಿ ಇಳಿಯಲಿಲ್ಲ ಅನ್ನುವುದು ನನ್ನ ತಕರಾರು.

ಹಾಗಂತ ‘ಕನ್ನಡದ ಕಥೆ ಕನ್ನಡದಲ್ಲೇ ಇರಲಿ’ ಅಂತ ಹೇಳಿ ಮುಗಿಸುವಷ್ಟು ಸರಳವಲ್ಲ ಇದು. ತೊಗಲುಗೊಂಬೆಯವರನ್ನೇ ನೋಡಿ. ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಪದ್ಮಶ್ರೀ ಬಂತು. ಧರ್ಮಾವರದ ಹತ್ತಿರದ ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲೇ ಬಂದಿತ್ತು. ಗಡಿಯ ಆ ಕಡೆ ಕನ್ನಡದಲ್ಲಿ, ಈ ಕಡೆ ತೆಲುಗಿನಲ್ಲಿ ಆಡುವ ಈ ಸಮುದಾಯದವರ ಮನೆಮಾತು ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಮರಾಠಿಯ ಒಂದು ಬಗೆ. ತಲೆಮಾರುಗಳ ಹಿಂದೆ ಊರು ಬಿಟ್ಟವರು. ಒಲೆಯ ಮುಂದೆ ತಮ್ಮ ಮಾತು ಉಳಿಸಿಕೊಂಡರು, ಪರದೆಯ ಮುಂದೆ ಕೂತವರ ಮಾತನ್ನು ಅವರಿಗಿಂತ ಚೆನ್ನಾಗಿ ಕಲಿತರು. ಪ್ರತಿ ಊರಿನಲ್ಲೂ ಕಿಳ್ಳೆಕ್ಯಾತನ ಬಾಯಿಗೆ ಆ ಊರಿನದೇ ಚೇಷ್ಟೆ ತುಂಬಿದರು. ಡಬ್ಬಿಂಗ್ ಮಾಡುವವರು ಕಲಿಯಬೇಕಾದ ಪಾಠ ಇದು. ತುಟಿಗೆ ಮಾತು ಹೊಂದಿಸಿದರೆ ಸಾಲದು, ಊರಿಗೂ ಹೊಂದಿಸಬೇಕು.

ಪ್ರಶಸ್ತಿ ಇನ್ನೂ ಬರುತ್ತವೆ, ಬರಲಿ. ‘ಮಹಾವತಾರ’ದ ಸರಣಿಯಲ್ಲಿ 2037ರವರೆಗೆ ಏಳು ಚಿತ್ರ ಮಾಡುತ್ತೇವೆಂದು ನಿರ್ಮಾಪಕರು ಪ್ರಕಟಿಸಿದ್ದಾರೆ. ಅವುಗಳಿಗೆ ಹೋಗುವ ಕೋಟಿಗಳಲ್ಲಿ ಒಂದಿಷ್ಟನ್ನು ಪ್ರತಿ ಭಾಷೆಯಲ್ಲೂ ಒಬ್ಬ ಒಳ್ಳೆಯ ನಾಟಕಕಾರನಿಗೆ, ಒಂದಿಬ್ಬರು ಗಂಟಲುಳ್ಳ ರಂಗನಟರಿಗೆ ಕೊಟ್ಟು, ‘ಈ ಜಾಗದಲ್ಲಿ ನೀವು ನಿಮ್ಮೂರಿನವರ ಹಾಗೆ ಮಾತಾಡಿ’ ಅಂತ ಬಿಟ್ಟರೆ ಸಾಕು. ಹಾಗೇನಾದರೂ ಆದರೆ ಆ ಚಿತ್ರವನ್ನು ನಾನು ಎರಡು ಸಲ ನೋಡುತ್ತೇನೆ. ಇಲ್ಲಿ ತೆಲುಗಿನಲ್ಲಿ ಅಮ್ಮಮ್ಮಗಾರ ಜೊತೆ ಒಂದು ಸಲ, ರಜೆಗೆ ಬಂದಾಗ ಊರಿನಲ್ಲಿ ಕನ್ನಡದಲ್ಲಿ ಇನ್ನೊಂದು ಸಲ.