ದೀನರಿಗೆ ದೀನತೆಯ ಪಾಠ

ಬಗ್ಗಿದ ಬೆನ್ನಿಗೆ ಇನ್ನಷ್ಟು ಬಗ್ಗು ಅಂತ ಹೇಳೋದು ಯಾವ ಧರ್ಮ? ನಮ್ಮ ಕೇರಿಗಳ ಚರ್ಚುಗಳಲ್ಲಿ ‘ದೀನತೆ’ಯ ಪ್ರಸಂಗ ನಡೆದಾಗಲೆಲ್ಲ ನಾವು ಕೇಳಲೇಬೇಕಾದ ಪ್ರಶ್ನೆ ಇದು. ಬೀದರ ಸೀಮೆಯಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಶನರಿಗಳ ಮಾತು ಕೇಳಿ ಎದ್ದು ಬಂದವರು ಹೆಚ್ಚಾಗಿ ಹೊಲೆಮಾದಿಗರ ಕೇರಿಯವರು. ನಿಜಾಮಶಾಹಿಯ ಪಾಟೀಲ, ಜಾಗೀರದಾರರ ಎದುರು ತಲೆ ಎತ್ತದೆ ಬದುಕಿದ ಜನ. ಇವರಿಗೆ ಅಹಂಕಾರ ಬಿಡ್ರಿ ಅಂದ್ರೆ, ಏನನ್ನು ಬಿಡಬೇಕು?

ಸುವಾರ್ತೆಯನ್ನೇ ಬಿಚ್ಚಿ ನೋಡೋಣ. ಧನ್ಯರು ಯಾರೆಂದು ಯೇಸು ಹೇಳುವ ಮಾತು ಎರಡು ಕಡೆ ಬರುತ್ತದೆ. ಲೂಕನಲ್ಲಿ ಧನ್ಯರು ಬಡವರು, ಅಷ್ಟೇ. ಬೆನ್ನಿಗೇ ಐಶ್ವರ್ಯವಂತರಿಗೆ ಎಚ್ಚರಿಕೆಯೂ ಇದೆ. ಮತ್ತಾಯನಲ್ಲಿ ಆ ಬಡತನ ಆತ್ಮದ್ದಾಗುತ್ತದೆ, ಎಚ್ಚರಿಕೆ ಅಲ್ಲಿ ಇಲ್ಲ. ಪ್ರಸಂಗಿಗಳಿಗೆ ಮತ್ತಾಯನ ಮೇಲೇ ಹೆಚ್ಚು ಪ್ರೀತಿ. ಯಾಕಂದ್ರೆ ಆತ್ಮದಲ್ಲಿ ಬಡವನಾಗಲು ಒಂದು ಗುಂಟೆ ಹೊಲವನ್ನೂ ಬಿಟ್ಟುಕೊಡಬೇಕಾಗಿಲ್ಲ! ಇಬ್ಬರೂ ಬಳಸಿದ ಗ್ರೀಕ್ ಪದ ‘ಪ್ತೋಖೋಸ್’. ಹೆದರಿ ಮುದುರಿಕೊಳ್ಳುವುದು ಎಂಬ ಕ್ರಿಯಾಪದದಿಂದ ಬಂದದ್ದು. ಹಾಗೆ ಮುದುರಿ ಕೂತವನಿಗೆ ರಾಜ್ಯ ನಿನ್ನದು ಎಂದ ಮಾತನ್ನು, ಮುದುರಿಯೇ ಇರು ಎಂಬ ಆಜ್ಞೆಯಾಗಿ ಓದಿಬಿಟ್ಟಿದ್ದಾರೆ. ದೇವರ ಮುಂದೆ ನಾನು ಬರಿಗೈಯವನು ಎಂದು ಒಪ್ಪಿಕೊಳ್ಳುವುದೇ ದೀನತೆ ಎನ್ನುವವರಿದ್ದಾರೆ. ಈ ಅರ್ಥವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಆ ಲೆಕ್ಕದಲ್ಲಿ ಪಾಟೀಲನೂ ಬರಿಗೈಯವನೇ. ಪ್ರಸಂಗ ಅವನ ವಾಡೆಯಿಂದ ಶುರುವಾಗಲಿ.

ಯೋಹಾನನ 13ನೆಯ ಅಧ್ಯಾಯದಲ್ಲಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುವವನು ಗುರು. ಕಾಲು ತೊಳೆಯುವುದು ಆಳಿನ ಕೆಲಸವಾಗಿದ್ದ ಸಮಾಜ ಅದು. ಪೇತ್ರ ಗಾಬರಿಯಾಗಿ ಬೇಡ ಎನ್ನುತ್ತಾನೆ. ಮೇಲಿದ್ದವನು ಬಗ್ಗಿದ್ದಕ್ಕೇ ಆ ಗಾಬರಿ; ಆಳು ಬಗ್ಗಿದ್ದರೆ ಅದನ್ನು ಯಾರು ಬರೆದಿಡುತ್ತಿದ್ದರು? ನಮ್ಮ ಕಲ್ಯಾಣದಲ್ಲಿಯೂ ಬಿಜ್ಜಳನ ಭಂಡಾರಿ ಬಸವಣ್ಣ ಮಾದಾರ ಚೆನ್ನಯ್ಯನ ಮನೆಯವನೆಂದು ಹೇಳಿಕೊಂಡ. ಅದೂ ಮೇಲಿನಿಂದ ಕೆಳಗೆ ಬಗ್ಗಿದ ವಿನಯ. ಆದರೆ ಸಮಗಾರ ಹರಳಯ್ಯ ಬ್ರಾಹ್ಮಣ ಮಧುವಯ್ಯನಿಗೆ ಸಮನಾಗಿ ನಿಂತು ಬೀಗತನ ಮಾಡಿದಾಗ ಇಬ್ಬರಿಗೂ ಎಳೆಹೂಟೆ ಆಯಿತೆಂದು ಪರಂಪರೆ ಹೇಳುತ್ತದೆ. ಹುಮನಾಬಾದಿನ ಮಗ್ಗುಲ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳು (1817–1865) ಸಕಲಮತವೆಂದು ಸಾರಿದರು. ಮತಗಳನ್ನು ಒಂದೆನ್ನುವುದು ದೊಡ್ಡ ಮಾತೇ. ಕೇರಿಗಳನ್ನು ಒಂದು ಮಾಡುವ ಕೆಲಸ ಇನ್ನೂ ಹಾಗೇ ಬಿದ್ದಿದೆ.

ನಮ್ಮ ಕೆಲ ಎಡಪಂಥೀಯ ಗೆಳೆಯರು ಇದನ್ನೆಲ್ಲ ಓದಿ, ಕೇರಿಯವರು ಹೋದದ್ದು ಗೋಧಿಗೆ, ಹಾಲಿನ ಪುಡಿಗೆ, ಆತ್ಮದ ಮಾತೆಲ್ಲಿ ಬಂತು ಅಂತ ನಗಬಹುದು. ಹಸಿವಿಗಾಗಿ ಹೋದರೂ ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ದಲಿತನಿಗೆ ಹೊಟ್ಟೆ ಮಾತ್ರ ಇದೆ, ಆತ್ಮ ಇಲ್ಲ ಅಂತ ಹೇಳಿದವರು ಮೊದಲು ಪುರೋಹಿತರು. ಆ ಮಾತನ್ನು ನೀವೂ ಯಾಕೆ ಹೇಳ್ತೀರಿ? ಗ್ರಂಥ ಮುಟ್ಟಿ ಓದಬೇಕು, ಒಂದೇ ರೊಟ್ಟಿ ಮುರಿದು ತಿನ್ನಬೇಕು, ದೇವರು ತನ್ನನ್ನು ಹೆಸರು ಹಿಡಿದು ಕರೆಯಬೇಕು ಎಂಬ ಹಸಿವು ಗೋಧಿಯಿಂದ ತೀರುವಂಥದ್ದಲ್ಲ.

ಈ ಹಸಿವಿಗೆ ಚರ್ಚು ಏನು ಬಡಿಸಿತು? ಕ್ರೈಸ್ತರಾದ ಅಸ್ಪೃಶ್ಯರ ಬಗ್ಗೆ ಬರೆಯುತ್ತ ಅಂಬೇಡ್ಕರ್ ಇಲ್ಲಿಗೇ ಕೈಯಿಟ್ಟರು. ನಿನ್ನ ದುಃಸ್ಥಿತಿಗೆ ನಿನ್ನ ಪಾಪವೇ ಕಾರಣ ಎಂದು ಕಲಿಸಿದರೆ, ಸುತ್ತಲಿನ ವ್ಯವಸ್ಥೆಯ ವಿರುದ್ಧ ಅವನು ಏಳುವುದು ಹೇಗೆ ಎಂಬುದು ಅವರ ವಾದ. ಕರ್ಮದ ಜಾಗದಲ್ಲಿ ಪಾಪ ಬಂದು ಕೂತಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಮಾತೆತ್ತಿದರು. ದಲಿತ ಕ್ರೈಸ್ತ ಚಿಂತನೆಗೆ ಅದೊಂದು ದೊಡ್ಡ ಆರಂಭ. ಮುಂದೆ ಅವರು ದಲಿತರ ದೇವರು ಸೇವಕ ದೇವರು, ಕಸ ಗುಡಿಸುವವರ, ಮಲ ಬಳಿಯುವವರ ಜೊತೆಗಿರುವವನು ಎಂದರು. ದೇವರು ನಮ್ಮ ಕೇರಿಗೆ ಬಂದದ್ದು ನಮಗೆ ಸಂತೋಷವೇ. ಆದರೆ ಪೊರಕೆಗೆ ಪವಿತ್ರತೆ ಬಂದರೆ ಅದನ್ನು ಕೆಳಗಿಡುವುದು ಇನ್ನೂ ಕಷ್ಟವಾದೀತು ಎಂಬ ಅಳುಕು ನಮಗಿದೆ.

ಸರ್ಕಾರವೂ ಈ ದೀನತೆಯ ಪಾಠಕ್ಕೆ ಕೈಗೂಡಿಸಿದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಹೊರಗೇ ಉಳಿದರು. ಊರು ಅವರನ್ನು ಮಾದಿಗ ಅಂತ ಕರೆಯೋದು ಬಿಟ್ಟಿಲ್ಲ, ಕಾಗದ ಮಾತ್ರ ಬಿಟ್ಟಿದೆ. ಹಾಗಾಗಿ ಎಷ್ಟೋ ಮಕ್ಕಳಿಗೆ ಚರ್ಚಿನಲ್ಲೊಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಹಾಜರಿ ಕೂಗುವ ಮೇಷ್ಟ್ರುಗಳಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.