ಆಕಸ್ಮಿಕದ ಕರ್ತೃತ್ವ

ಸಿರುಗುಪ್ಪದ ಎರೆನೆಲದಲ್ಲಿ ಬೆರಳೆಣಿಕೆಯಷ್ಟೇ ಕಾಣಸಿಗುವ ಎರೆಭೂತ ಪಕ್ಷಿಗಳ ಭವಿಷ್ಯವನ್ನು ಗಣಿತದ ಮೂಲಕ ವಿಚಾರಿಸೋಣ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆಯಿಡುವ ಈ ಪಕ್ಷಿಯ ಐದು ಮರಿಗಳೂ ಒಂದೇ ಲಿಂಗದವಾಗುವ ಸಂಭವ, ಗಂಡುಹೆಣ್ಣುಗಳಿಗೆ ಸಮಪಾಲೆಂದು ಹಿಡಿದರೆ, 16ರಲ್ಲಿ 1. ಐವತ್ತು ಮರಿಗಳಿದ್ದಲ್ಲಿ ಆ ಭಯವೇ ಇಲ್ಲ.

ಸಂತತಿಯ ಬೆಳವಣಿಗೆಯನ್ನು ಲೆಕ್ಕಹಾಕುವ 1838ರ ವರ್ಹುಲ್ಸ್ಟ್ ಸಮೀಕರಣವನ್ನೇ ವೇದವಾಕ್ಯವೆಂದು ನಂಬಿದ ಪಂಥದವರಾದರೋ, ಜನನದರವು ಮರಣದರವನ್ನು ಮೀರಿದ್ದು ನೆಲೆಯೂ ವಿಪುಲವಾಗಿದ್ದರೆ ಸಂತತಿಯು ಬೆಳೆದೇ ಬೆಳೆಯುವುದೆಂದು ವಾದಿಸುತ್ತಾರೆ. 1939ರಲ್ಲಿ ಗಣಿತಜ್ಞ ವಿಲಿಯಂ ಫೆಲ್ಲರ್ ಜನನಮರಣಗಳನ್ನೇ ಯಾದೃಚ್ಛಿಕ ಘಟನೆಗಳಾಗಿ ಎಣಿಸಿದ ಮೇಲೂ ಈ ವಾದ ಉಳಿದಿರುವುದು ನನಗೆ ಸಹಿಸಲಾಗದ ಸಂಗತಿ. ಮರಣದರವು ಜನನದರದ ಹತ್ತರಲ್ಲಿ ಒಂಬತ್ತು ಪಾಲಿದ್ದರೆ, ಐದು ಜೀವಿಗಳಿಂದ ಹೊರಟ ಸಂತತಿ ನಿರ್ವಂಶವಾಗುವ ಸಂಭವ ನೂರಕ್ಕೆ 59. ಐವತ್ತರಿಂದ ಹೊರಟರೆ ನೂರಕ್ಕೆ ಅರ್ಧ ಮಾತ್ರ. ದರ ಎರಡೆಡೆಯೂ ಒಂದೇ, ವಿಧಿ ಬೇರೆ.

ಆದರೆ ಆಕಸ್ಮಿಕವನ್ನು ಸಂಹಾರಕನೆಂದಷ್ಟೇ ಬಣ್ಣಿಸಿ ಮುಗಿಸಲು ಮನಸ್ಸೊಪ್ಪದು. ಎರೆಭೂತವನ್ನು ಇಲ್ಲಿಗೇ ಬಿಟ್ಟು ಮೀನಿನ ಕಡೆ ತಿರುಗುತ್ತೇನೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ವೇಶ ಗುತ್ತಲ್ ಮತ್ತು ಸಂಗಡಿಗರು 15, 30, 60 ಕರಿಮೀನುಗಳ ಗುಂಪುಗಳ ಚಲನೆಯನ್ನು ಅಳೆದು, 2020ರಲ್ಲಿ ‘ನೇಚರ್ ಫಿಸಿಕ್ಸ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರತಿಯೊಂದು ಮೀನೂ ಒಮ್ಮೊಮ್ಮೆ ತಾನಾಗಿ ದಿಕ್ಕು ಬದಲಿಸುತ್ತದೆ, ಒಮ್ಮೊಮ್ಮೆ ಯಾವುದೋ ಒಂದು ಸಂಗಾತಿಯ ದಿಕ್ಕನ್ನು ಅನುಕರಿಸುತ್ತದೆ, ಇಷ್ಟೇ ನಿಯಮ. ಸರಾಸರಿಯ ಸಿದ್ಧಾಂತದಂತೆ ಇದರಿಂದ ಒಮ್ಮುಖ ಚಲನೆ ಹುಟ್ಟಲೇಬಾರದು. ಆದರೂ ಹುಟ್ಟುತ್ತದೆ, ಅದೂ ಚಿಕ್ಕ ಗುಂಪಿನಲ್ಲೇ ಹೆಚ್ಚಾಗಿ! ಏಕೆಂದರೆ ಮೀನುಗಳು ಚೆಲ್ಲಾಪಿಲ್ಲಿಯಾಗಿರುವಾಗ ಯಾದೃಚ್ಛಿಕ ಏರಿಳಿತವು ಪ್ರಬಲವಾಗಿದ್ದು ಗುಂಪನ್ನು ಆ ಸ್ಥಿತಿಯಿಂದ ಹೊರದಬ್ಬುತ್ತದೆ. ದಿಕ್ಕುಗಳು ಒಂದಾದಂತೆಲ್ಲ ಅದು ತಾನೇ ಕುಗ್ಗಿ, ಮೂಡಿದ ವ್ಯವಸ್ಥೆಯನ್ನು ಕದಡದೆ ಉಳಿಸುತ್ತದೆ. ಗುಂಪು ಹಿಗ್ಗಿದಷ್ಟೂ ಈ ಏರಿಳಿತ ಕ್ಷೀಣಿಸುವುದರಿಂದ ಒಗ್ಗಟ್ಟೂ ಸಡಿಲಗೊಳ್ಳುತ್ತದೆ.

ನಮ್ಮ ಮಹದೇವಪುರದ ಕಚೇರಿಗಳಲ್ಲಿ ದತ್ತಾಂಶದೊಡನೆ ದಿನಗಳೆಯುವ ತರುಣರು ‘ನಾಯ್ಸ್’ (ಯಾದೃಚ್ಛಿಕ ಏರಿಳಿತ) ಎಂದೊಡನೆ ಅದನ್ನು ಸೋಸಿ ಚೆಲ್ಲಬೇಕೆಂದು ಕಲಿತಿರುತ್ತಾರೆ. ಈ ಮೀನುಗಳ ಗುಟ್ಟು ದೊರೆತದ್ದು ಚೆಲ್ಲದೆ ಉಳಿಸಿಕೊಂಡ ಆ ಏರಿಳಿತದಲ್ಲಿಯೇ. ಅದು ಗುಂಪಿನ ಸ್ಥಿತಿಗನುಗುಣವಾಗಿ ಹೇಗೆ ಹೆಚ್ಚುಕಡಮೆಯಾಗುವುದೆಂದು ಅಳೆದುದರಿಂದಲೇ ಗುಂಪಿನ ಚಲನೆಯ ಸಮೀಕರಣ ಸಿದ್ಧಿಸಿತು. ಆದುದರಿಂದ ಅಲ್ಪಸಂಖ್ಯೆಯ ಜೀವಿಗಳನ್ನು ಎಣಿಸುವವರು ಸರಾಸರಿಯೊಂದನ್ನೇ ಬರೆದಿಟ್ಟು ಕೈತೊಳೆದುಕೊಳ್ಳದೆ ಪ್ರತಿಯೊಂದು ಎಣಿಕೆಯನ್ನೂ ಇದ್ದ ಹಾಗೆಯೇ ಕಾಪಿಡಬೇಕು. ಸರಾಸರಿಯನ್ನು ನಾಳೆಯೂ ತೆಗೆಯಬಹುದು, ಅಳಿಸಿದ ಏರಿಳಿತವನ್ನು ಮರಳಿ ಪಡೆಯಲಾಗದು.