ಹೆಸರಿಲ್ಲದ ಗೆಳೆಯರು

ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ಹೊರಟವರಿಗೆ ಬಂಡೆಯ ಮೇಲೆ ನಿಂತ ಎತ್ತರವಾದ ಒಂದು ಕಲ್ಲುಕಂಬ ದೂರದಿಂದಲೇ ಕಾಣುತ್ತದೆ. ಈಚೆಗೆ ನಮ್ಮ ಕಾಲೇಜಿನ ಹುಡುಗರೊಡನೆ ಆ ದಾರಿಯಲ್ಲಿ ಹೋಗುತ್ತಿದ್ದಾಗ, ಅದು ದಿವಾನ್ ಪೂರ್ಣಯ್ಯನವರು ಜೋಸಿಯಾ ವೆಬ್ ಎಂಬ ಇಂಗ್ಲಿಷ್ ಅಧಿಕಾರಿಯ ನೆನಪಿಗಾಗಿ ನಿಲ್ಲಿಸಿದ ಕಂಬವೆಂದು ಹೇಳಿದೆ. ಒಬ್ಬ ಹುಡುಗ ಥಟ್ಟನೆ ಕೇಳಿದ: “ಪೂರ್ಣಯ್ಯನವರು ಟಿಪ್ಪುವಿನ ಮಂತ್ರಿಯಾಗಿದ್ದವರಲ್ಲವೆ, ಸಾರ್? ಟಿಪ್ಪುವನ್ನು ಕೊಂದವರ ಕಡೆಯವನಿಗೆ ಕಂಬ ಏಕೆ ನಿಲ್ಲಿಸಿದರು?”

ಪ್ರಶ್ನೆ ಒಳ್ಳೆಯದೇ. ಕೃತಜ್ಞತೆ, ರಾಜಕಾರ್ಯ, ಮುಂದಿನ ದಿನಗಳ ಜೋಪಾನ, ಇವೆಲ್ಲ ಆ ಕಲ್ಲಿನಲ್ಲಿ ಬೆರೆತಿರಬೇಕು. ಆದರೆ ಇನ್ನೂ ಒಂದು ಸಂಗತಿಯನ್ನು ಹುಡುಗರಿಗೆ ಹೇಳಿದೆ. 1798ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಹೋಗುವ ಮಾತು ಬಂದಾಗ, ಮದರಾಸು ಸರ್ಕಾರದ ಕಾರ್ಯದರ್ಶಿಯಾಗಿದ್ದ ಇದೇ ವೆಬ್, ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿಯ ಅಭಿಪ್ರಾಯಕ್ಕೆ ಎದುರಾಗಿ, ಈ ಯುದ್ಧ ಕೂಡದೆಂದು ಬರೆದು ಕೊಟ್ಟವನು. ಟಿಪ್ಪುವಿನ ಮೇಲಣ ಮಮತೆಯಿಂದಲ್ಲ. ಬೊಕ್ಕಸವೂ ಸೈನ್ಯವೂ ಸಿದ್ಧವಾಗಿಲ್ಲವೆಂಬ ಲೆಕ್ಕದಿಂದ. 1804ರಲ್ಲಿ ಆತ ಸತ್ತದ್ದು ಇಲ್ಲಿಂದ ಬಹುದೂರ, ಸಿಂಧ್ಯರ ಬಳಿ ರೆಸಿಡೆಂಟನಾಗಿದ್ದಾಗ. ಅಷ್ಟು ದೂರದಲ್ಲಿ ಸತ್ತವನಿಗೆ ಇಲ್ಲಿ ಕಲ್ಲು ನಿಲ್ಲಿಸಬೇಕೆಂದು ಪೂರ್ಣಯ್ಯನವರಿಗೆ ತೋರಿತಲ್ಲ, ಅದನ್ನು ಬರಿಯ ರಾಜಕಾರ್ಯವೆಂದು ತಳ್ಳಿಬಿಡಲು ನನಗೆ ಮನಸ್ಸು ಬರುವುದಿಲ್ಲ. ನಮ್ಮವನೊಬ್ಬ ಪರದೇಶದವನೊಬ್ಬನ ಹೆಸರನ್ನು ಹೀಗೆ ಉಳಿಸಿದ. ಪರದೇಶದವರು ನಮ್ಮವರ ಹೆಸರನ್ನು ಉಳಿಸಿದ್ದಾರೆಯೆ? ಈ ಸೀಮೆಯಲ್ಲಿದ್ದು ಹೋಗಿ ಪುಸ್ತಕ ಬರೆದವರನ್ನು ಈ ಪ್ರಶ್ನೆ ಹಿಡಿದುಕೊಂಡೇ ಓದಬೇಕೆನಿಸಿತು.

ಹಾಗೆನಿಸಲು ಮನೆಯ ಕಾರಣವೂ ಒಂದಿದೆ. ಅದನ್ನು ಮುಚ್ಚಿಟ್ಟು ವಿಮರ್ಶೆ ಬರೆಯುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಪರದೇಶದ ಸಂಶೋಧಕನೊಬ್ಬ ನಾಗಮಂಗಲದ ಹತ್ತಿರ ನಮ್ಮ ಊರಿನಲ್ಲಿ ಒಂದೂವರೆ ವರ್ಷ ಇದ್ದ. ವಾರಕ್ಕೆ ನಾಲ್ಕು ದಿನ ನಮ್ಮ ಮನೆಯಲ್ಲೇ ಊಟ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಅವನಿಗೆ ಕಲಿಸಿದವರು ನನ್ನ ತಾಯಿ. ಅವರನ್ನು ‘ಅವ್ವ’ ಎಂದೇ ಕರೆಯುತ್ತಿದ್ದ. ಜ್ವರ ಬಂದು ಮಲಗಿದಾಗ ಅವರೇ ಗಂಜಿ ಕಾಯಿಸಿ ಕೊಟ್ಟರು. ಹೊರಡುವ ದಿನ ಇಬ್ಬರೂ ಅತ್ತರು. ಮೂರು ವರ್ಷದ ಮೇಲೆ ಅವನ ಪ್ರಬಂಧ ಅಚ್ಚಾಗಿ ಅಂಚೆಯಲ್ಲಿ ಬಂತು. ಅವ್ವ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು, “ಓದಪ್ಪಾ, ನನ್ ವಿಷ್ಯ ಏನ್ ಬರ್ದವ್ನೆ?” ಎಂದರು. ಹುಡುಕಿದೆ. ಮೂರು ಕಡೆ ಇದ್ದರು. ಮೂರು ಕಡೆಯೂ ‘ಅರವತ್ತರ ವಯಸ್ಸಿನ, ಭೂಮಿಯುಳ್ಳ ಮನೆತನದ ಒಬ್ಬ ಮಾಹಿತಿದಾರಳು’. ನಾನು ಬಾಯಿಗೆ ಬಂದದ್ದನ್ನು ಕಟ್ಟಿ, ಒಳ್ಳೆಯದೇ ಬರೆದಿದ್ದಾನೆ ಎಂದೆ. ಅವ್ವ ನಂಬಿದರೋ ಇಲ್ಲವೋ, ಪುಸ್ತಕಕ್ಕೆ ರಟ್ಟು ಹಾಕಿ ಗೂಡಿನಲ್ಲಿಟ್ಟರು.

ಈ ಮುನಿಸನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಬ್ಬೆ ದುಬ್ವಾನ ಗ್ರಂಥವನ್ನು ಮತ್ತೆ ಓದಿದೆ. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿ, 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅಲ್ಲಿಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದು ಮೈಸೂರು ಸೀಮೆಯಲ್ಲೇ ನೆಲಸಿದ. ಗಂಜಾಮಿನ ಚರ್ಚಿಗೆ ಇಂದಿಗೂ ಅವನ ಹೆಸರು ಅಂಟಿಕೊಂಡಿದೆ. ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲಿ ಊರೂರು ಸುತ್ತಿದ. 1803–04ರ ಸುಮಾರಿನಲ್ಲಿ 25,000ಕ್ಕೂ ಮೀರಿ ಜನ ಇವನ ಪ್ರಯತ್ನದಿಂದ ಹಾಕಿಸಿಕೊಂಡರೆಂದು ದಾಖಲೆಯಿದೆ. ದೇವಿಯ ಹೆಸರು ಹೇಳಲೂ ಹೆದರುತ್ತಿದ್ದ ಕಾಲದಲ್ಲಿ, ಬಿಳಿಯ ಮನುಷ್ಯನೊಬ್ಬನ ಮುಂದೆ ಮಕ್ಕಳ ತೋಳು ಚಾಚುವುದೆಂದರೆ ಸಾಮಾನ್ಯ ನಂಬಿಕೆಯೆ? ಆತ ನಮ್ಮ ಉಡುಪು ಉಟ್ಟ, ನಮ್ಮವರಂತೆ ಉಂಡ, ಯಾರ ಆಚಾರವನ್ನು ಕಂಡರೂ ಮುಖ ಸಿಂಡರಿಸಲಿಲ್ಲ. ಮೂವತ್ತು ವರ್ಷ ಹೀಗೆ ಬಾಳಿದನೆಂದು ತಾನೇ ಹೇಳಿಕೊಳ್ಳುತ್ತಾನೆ.

ಹಿಂದೂಗಳ ನಡೆನುಡಿಗಳನ್ನು ವರ್ಣಿಸುವ ಅವನ ಹಸ್ತಪ್ರತಿಯನ್ನು ರೆಸಿಡೆಂಟ್ ವಿಲ್ಕ್ಸ್ ಮೆಚ್ಚಿ, ಕಂಪನಿ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂತು. ತಿದ್ದಿ ಬೆಳೆಸಿದ ಪಾಠವನ್ನು ಬೋಶಾಂ ಎಂಬಾತ ಅನುವಾದಿಸಿ 1897ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟಿಸಿದ. ಪುಸ್ತಕ ಓದಿಸಿಕೊಂಡು ಹೋಗುತ್ತದೆ, ಅದರಲ್ಲಿ ಸಂದೇಹವಿಲ್ಲ. ಸಂಧ್ಯಾವಂದನೆಯಿಂದ ಶವಸಂಸ್ಕಾರದವರೆಗೆ ಏನೂ ಬಿಟ್ಟುಹೋಗಿಲ್ಲ. ಆದರೆ ಇಷ್ಟು ದೊಡ್ಡ ಗ್ರಂಥವನ್ನು ಮುಗಿಸಿ ಕೆಳಗಿಟ್ಟಾಗ, ಇವನ ಸಂಗಡ ಜಗಲಿಯ ಮೇಲೆ ಕುಳಿತು ಮಾತಾಡಿದ ಒಬ್ಬ ಮನುಷ್ಯನ ಮುಖ ನನ್ನ ಕಣ್ಣಮುಂದೆ ನಿಲ್ಲಲಿಲ್ಲ. ‘ಬ್ರಾಹ್ಮಣನು ಹೀಗೆ ಮಾಡುತ್ತಾನೆ’, ‘ಶೂದ್ರನು ಹಾಗೆ ಮಾಡುತ್ತಾನೆ’ ಎಂಬುದೇ ಪುಟಪುಟಕ್ಕೂ ಕೇಳುವ ಧಾಟಿ. ಮೂವತ್ತು ವರ್ಷ ಜೊತೆಗಿದ್ದವನಿಗೆ ಒಬ್ಬ ಬ್ರಾಹ್ಮಣನೂ ‘ಬ್ರಾಹ್ಮಣ’ನಿಗಿಂತ ಬೇರೆಯಾಗಿ ಕಾಣದೆ ಹೋದನೆ?

ಇದಕ್ಕೆ ಈಚಿನ ಪಂಡಿತರು ಒಂದು ಉತ್ತರ ಕೊಟ್ಟಿದ್ದಾರೆ. ಅದು ಇನ್ನೂ ಕಹಿಯಾದದ್ದು. ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ, ದುಬ್ವಾನ ಗ್ರಂಥದ ಬಹುಭಾಗ ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಯ ಬರಹದಿಂದ ಬಂದದ್ದೆಂದು ತೋರಿಸಿದರು. ಆ ಕೂರ್ದೂ 1779ರಲ್ಲೇ ತೀರಿಕೊಂಡವನು. ಅವನ ಅನುಭವ ತೆಲುಗು ತಮಿಳು ಸೀಮೆಗಳದು. ಎಂದ ಮೇಲೆ, ಕಣ್ಣಾರೆ ಕಂಡ ಕನ್ನಡ ಸೀಮೆಯ ಚಿತ್ರವೆಂದು ನಾವು ನೂರಾರು ವರ್ಷ ನಂಬಿದ ಪುಟಗಳಲ್ಲಿ ಎಷ್ಟೋ ಭಾಗ, ಇನ್ನೊಬ್ಬ ಪರದೇಶಿ ಬೇರೊಂದು ಸೀಮೆಯಲ್ಲಿ ಒಂದು ತಲೆಮಾರಿನ ಹಿಂದೆ ಕಂಡದ್ದು. ದುಬ್ವಾಗೆ ಬರೆಯಲು ನಮ್ಮ ನೆರೆಹೊರೆಯವರು ಬೇಕಾಗಲಿಲ್ಲ. ಸತ್ತ ಪಾದ್ರಿಯೊಬ್ಬನ ಕಾಗದಗಳು ಸಾಕಾದವು. ಕೃತಿಚೌರ್ಯದ ಮಾತನ್ನು ಬೇಕಾದವರು ಆಡಲಿ. ನನಗೆ ವ್ಯಥೆಯಾಗುವುದು ಮತ್ತೊಂದಕ್ಕೆ: ಅವನ ಬಾಳು ಅವನ ಪುಸ್ತಕಕ್ಕಿಂತ ದೊಡ್ಡದಾಗಿತ್ತು, ಅದನ್ನು ಅವನು ಬರೆಯಲಿಲ್ಲ. ಮಗುವಿನ ತೋಳು ಹಿಡಿದು ತಂದ ಆ ಪಾಲಹಳ್ಳಿಯ ಕಡೆಯ ತಾಯಿ ಏನೆಂದಳು? ಅದೊಂದು ಪುಟವಿದ್ದಿದ್ದರೆ ಉಳಿದ ನೂರು ಪುಟಗಳನ್ನು ಬಿಟ್ಟುಕೊಡಬಹುದಾಗಿತ್ತು.

ನ್ಯಾಯವಾಗಿ ಇನ್ನೊಂದು ಮಾತು ಸೇರಿಸಬೇಕು. 1823ರಲ್ಲಿ ಸ್ವದೇಶಕ್ಕೆ ಮರಳಿದ ವರ್ಷವೇ ಪ್ರಕಟವಾದ ತನ್ನ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಗೊಳಿಸುವುದು ಆಗದ ಕೆಲಸವೆಂದು ದುಬ್ವಾ ಬರೆದುಬಿಟ್ಟ. ತನ್ನ ಜೀವಮಾನದ ಉದ್ಯೋಗ ಸೋತಿತೆಂದು ಹೀಗೆ ಒಪ್ಪಿಕೊಳ್ಳುವುದು ಸಣ್ಣ ಮನಸ್ಸಿನವರಿಗೆ ಸಾಧ್ಯವಲ್ಲ. 1826ರಲ್ಲಿ ಪಂಚತಂತ್ರವನ್ನು ಫ್ರೆಂಚಿಗೆ ತಂದ. ಅದಕ್ಕೆ ಬಳಸಿದ ಪ್ರತಿಗಳಲ್ಲಿ ಕನ್ನಡದ್ದೂ ಒಂದು. ಕನ್ನಡದ ಪ್ರತಿಯನ್ನು ಅವನಿಗೆ ಯಾರೋ ಓದಿ, ಅರ್ಥ ಬಿಡಿಸಿ ಹೇಳಿರಬೇಕು. ಆ ‘ಯಾರೋ’ ಒಬ್ಬ ಶಾನುಭೋಗನೋ, ಮಠದ ಅಯ್ಯನೋ. ಅವನೂ ‘ಯಾರೋ’ ಆಗಿಯೇ ಉಳಿದ.

ಪಂಚತಂತ್ರದ ಮಾತು ಬಂದದ್ದರಿಂದ ಕಾಗೆ ಇಲಿಗಳ ಕಥೆ ನೆನಪಾಗುತ್ತದೆ. ಕಾಗೆ ಗೆಳೆತನ ಬೇಡಿ ಬಿಲದ ಬಾಯಿಗೆ ಬಂದಾಗ ಇಲಿ ಹಿಗ್ಗುವುದಿಲ್ಲ. ನೀನು ತಿನ್ನುವವನು, ನಾನು ತಿನಿಸು, ನಮ್ಮಿಬ್ಬರಲ್ಲಿ ಎಂಥ ಸ್ನೇಹವೆಂದು ಒಳಗಿನಿಂದಲೇ ವಾದ ಹೂಡುತ್ತದೆ. ಪರದೇಶೀಯರ ಸ್ನೇಹವನ್ನು ಹೊಗಳುವ ನಮ್ಮ ಅನೇಕ ಲೇಖನಗಳಲ್ಲಿ ಇಲಿಯ ಈ ವಾದಕ್ಕೆ ಎಡೆಯೇ ಇರುವುದಿಲ್ಲ. ಕಾಗೆ ಬಂತು, ಇಲಿ ಕೃತಾರ್ಥವಾಯಿತು, ಅಷ್ಟೆ!

ಎಡೆ ಇರುವ ಒಂದು ವಿಚಿತ್ರ ಪುಸ್ತಕವೂ ಪಟ್ಟಣದಿಂದಲೇ ಹುಟ್ಟಿದೆ. ಅಲ್ಲಿ ಬಿಲದೊಳಗೆ ಸಿಕ್ಕಿಬಿದ್ದವನು ಪರದೇಶಿ. ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ 1782ರಲ್ಲಿ ಹಡಗಿನ ಮೇಲೆ ಫ್ರೆಂಚರ ಕೈಗೆ ಸಿಕ್ಕಿ, ಅವರಿಂದ ಹೈದರನ ವಶಕ್ಕೆ ಬಂದು, ಸುಮಾರು ಹತ್ತು ವರ್ಷ ಸೆರೆಯಲ್ಲಿದ್ದ. ಸುನ್ನತಿ ಮಾಡಿ, ದಂಡಿಗೆ ಸೇರಿಸಿ, ಮದುವೆಯನ್ನೂ ಮಾಡಿಸಿದರು. ತಪ್ಪಿಸಿಕೊಂಡು ತನ್ನವರನ್ನು ಸೇರಿದಾಗ ಅವನಿಗೆ ಕುರ್ಚಿಯ ಮೇಲೆ ಕೂರಲು ಬಾರದು, ಚಾಕು ಮುಳ್ಳುಚಮಚ ಹಿಡಿಯಲು ಬಾರದು, ಇಂಗ್ಲಿಷು ತೊದಲುತ್ತಿತ್ತು. ಅವನು ತೀರಿಕೊಂಡ ಮೇಲೆ 1824ರಲ್ಲಿ ಅಚ್ಚಾದ ಈ ಕಥನ ಹೈದರ್–ಟಿಪ್ಪುಗಳ ಮೇಲಣ ದ್ವೇಷದಿಂದ ತುಂಬಿದೆ, ಅದನ್ನು ಚರಿತ್ರೆಯೆಂದು ಹಾಗೆಯೇ ನಂಬುವಂತಿಲ್ಲ. ಆದರೂ ಬಿಟ್ಟುಬಂದ ಹೆಂಡತಿಯ ಪ್ರಸ್ತಾಪವಿರುವಲ್ಲಿ ಬರಹದ ದನಿಯೇ ಬೇರೆ. ದುಬ್ವಾ ತಾನಾಗಿ ಬಂದು ನಮ್ಮ ಬಟ್ಟೆ ಉಟ್ಟ. ಸ್ಕರಿಗೆ ಬಲವಂತದಿಂದ ಉಡಿಸಿದರು. ಮೈಯೊಳಗೆ ಇಳಿದದ್ದು ಯಾರಿಗೆ ಹೆಚ್ಚು ಎಂಬುದನ್ನು ಎರಡೂ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರು ಹೇಳಬಲ್ಲರು.

ನಮ್ಮ ಕಾಲಕ್ಕೆ ಬಂದರೆ ಮಂಡ್ಯದ ಸೀಮೆಯಲ್ಲಿ ಹೇಳಬೇಕಾದ ಹೆಸರು ಸ್ಕಾರ್ಲೆಟ್ ಎಪ್‌ಸ್ಟೈನ್ ಅವರದು. 1922ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯೆಹೂದಿ ಹೆಣ್ಣುಮಗಳು. ಹಿಟ್ಲರನ ಕಾಲದಲ್ಲಿ ನೆಲೆ ತಪ್ಪಿ ಇಂಗ್ಲೆಂಡು ಸೇರಿದವರು. ‘ಪರದೇಶಿ’ ಎಂಬ ನಮ್ಮ ಮಾತಿಗೆ ಬೇರೆ ದೇಶದವನು ಎಂದೂ ಅರ್ಥ, ದಿಕ್ಕಿಲ್ಲದವನು ಎಂದೂ ಅರ್ಥ. ಎರಡೂ ಅವರಿಗೆ ಸಂದವು. 1954ರಲ್ಲಿ ಇಲ್ಲಿಗೆ ಬಂದು ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಕೃಷ್ಣರಾಜಸಾಗರದ ನಾಲೆಯ ನೀರು ಹರಿದ ಹಳ್ಳಿ ಒಂದು, ಎತ್ತರದಲ್ಲಿದ್ದು ನೀರು ಹತ್ತದೆ ಉಳಿದದ್ದು ಇನ್ನೊಂದು. ನೀರು ಬಂದ ಹಳ್ಳಿ ಕಬ್ಬು ಬೆಳೆದು ತನ್ನ ಹಳೆಯ ಕಟ್ಟುಗಳಲ್ಲೇ ಉಳಿಯಿತು. ನೀರು ಬಾರದ ಹಳ್ಳಿಯವರು ಪೇಟೆಯ ಕಡೆ ಮುಖ ಮಾಡಿ ಗಾಡಿ ಹೊಡೆದು, ಹಿಟ್ಟಿನ ಗಿರಣಿ ಇಟ್ಟು, ನೌಕರಿ ಹಿಡಿದು ಹೆಚ್ಚು ಬದಲಾದರು. 1962ರ ಗ್ರಂಥದ ಈ ವಾದ ಇಂದಿಗೂ ಓದತಕ್ಕದ್ದು. ಹಳ್ಳಿಗಳಿಗೆ ಅವರಿಟ್ಟ ಹೆಸರು ವಾಂಗಲ, ದಲೇನ, ಎರಡೂ ಕಲ್ಪಿತ. ನಮ್ಮವರೇ ಆದ ಎಂ. ಎನ್. ಶ್ರೀನಿವಾಸ್ ಕೂಡ ತಮ್ಮ ಹಳ್ಳಿಯನ್ನು ರಾಂಪುರವೆಂದು ಕರೆದು ಮರೆಮಾಡಿದರು. ಮನೆಯ ಜಗಳ, ಜಮೀನಿನ ವ್ಯಾಜ್ಯ, ಸಾಲ ಸೋಲಗಳನ್ನು ಬರೆಯುವಾಗ ಹೆಸರು ಮುಚ್ಚುವುದೂ ಒಂದು ಮರ್ಯಾದೆಯೆ. ನಮ್ಮ ಮನೆಗೆ ಬಂದವನ ಮೇಲಿನ ನನ್ನ ಮುನಿಸು ಇಲ್ಲಿ ಸ್ವಲ್ಪ ಇಳಿಯಿತೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಎಪ್‌ಸ್ಟೈನ್ ಅಲ್ಲಿಗೇ ನಿಲ್ಲಲಿಲ್ಲ. 1970ರಲ್ಲಿ ಮರಳಿ ಬಂದರು, 1973ರಲ್ಲಿ ಮತ್ತೊಂದು ಪುಸ್ತಕ ಬರೆದರು, ಆಮೇಲೂ ಬಂದರು. ನಲವತ್ತು ವರ್ಷಗಳ ಬದಲಾವಣೆಯನ್ನು ಹೇಳುವ 1998ರ ಗ್ರಂಥದ ಮುಖಪುಟದಲ್ಲಿ ಮೂರು ಹೆಸರುಗಳಿವೆ: ಎಪ್‌ಸ್ಟೈನ್, ಎ. ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ. ಸೂರ್ಯನಾರಾಯಣ ಅವರು ಮೊದಲು ಸಂಶೋಧನ ಸಹಾಯಕರಾಗಿ ಜೊತೆಗೂಡಿದವರು. ಮೊದಲ ಗ್ರಂಥದ ಕರ್ತೃ ಒಬ್ಬರೇ. ಮೂವತ್ತಾರು ವರ್ಷದ ಮೇಲೆ ಕರ್ತೃಗಳು ಮೂವರು. ಬರವಣಿಗೆಯಾಗಿ ಮೊದಲನೆಯದೇ ಬಿಗಿಯಾದದ್ದು. ಕೊನೆಯದರಲ್ಲಿ ದನಿಗಳು ಬೇರೆಬೇರೆಯಾಗಿ, ಅಲ್ಲಲ್ಲಿ ಹೊಲಿಗೆ ಕಾಣುತ್ತದೆ. ಹಾಗಿದ್ದೂ ನನ್ನ ಒಲವು ಕೊನೆಯದರ ಕಡೆಗೆ. ಇಲಿ ಬಿಲದಿಂದ ಹೊರಬಂದು ಮಾತಾಡಿದೆ.

ಈ ನಾಲ್ಕು ತಾಲ್ಲೂಕುಗಳ ನಮ್ಮ ಸಾಹಿತಿಗಳೂ ಹೊರಗಿನವರ ಸಖ್ಯಕ್ಕೆ ಹಿಂದೆಗೆದವರಲ್ಲ. ಬೆಳ್ಳೂರಿನ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿಗಳನ್ನು ಕೈಹಿಡಿದು ಕನ್ನಡದ ಪಡಸಾಲೆಗೆ ಕರೆತಂದರು. ಅಕ್ಕಿಹೆಬ್ಬಾಳಿನ ಮೂರ್ತಿರಾಯರು ಮುಪ್ಪಿನಲ್ಲಿ ಅಮೆರಿಕ ನೋಡಿ ಬಂದು ಪುಸ್ತಕ ಬರೆದರು. ಅದು ಬೇರೆಯೇ ಲೇಖನದ ವಿಷಯ.

ಇನ್ನು ನನ್ನದೇ ಒಂದು ಲೆಕ್ಕ ಉಳಿದಿದೆ. ಎಂ.ಎ. ಓದುತ್ತಿದ್ದಾಗ ಕೃಷ್ಣರಾಜಪೇಟೆಯ ಕಡೆಯ ಹಳ್ಳಿಗಳಲ್ಲಿ ಹೆಂಗಸರ ಬಾಯಿಂದ ಸೋಬಾನೆ ಹಾಡು, ರಾಗಿ ಬೀಸುವ ಹಾಡುಗಳನ್ನು ಬರೆದುಕೊಂಡಿದ್ದೆ. ಅವರ ಮನೆಗಳಲ್ಲಿ ಮಜ್ಜಿಗೆ ಕುಡಿದೆ, ಅವರು ‘ಕೂಸೆ’ ಎಂದು ಕರೆದರು. ಈ ಲೇಖನಕ್ಕೆ ಕೂರುವ ಮುನ್ನ ಆ ನೋಟುಬುಕ್ಕನ್ನು ಅಟ್ಟದಿಂದ ಇಳಿಸಿದೆ. ಹನ್ನೊಂದು ಹಾಡುಗಳಿವೆ. ಪ್ರತಿಯೊಂದರ ಕೆಳಗೂ ನನ್ನದೇ ದುಂಡನೆಯ ಅಕ್ಷರದಲ್ಲಿ: ‘ಹಾಡಿದವರು: ಕಿಕ್ಕೇರಿ ಹೋಬಳಿಯ ಒಬ್ಬ ಮುದುಕಿ.’ ಅವ್ವನಿಗೆ ತೋರಿಸಿದೆ. “ನೀನೂ ಅವನಂಗೇಯಾ ಬುಡು,” ಎಂದು ನಕ್ಕರು.

ಆ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳ ಕೈಯಲ್ಲಿ ಹಾಡುಗಳ ಮೊದಲ ಸಾಲುಗಳನ್ನು ಬರೆದು ಕಳಿಸಿದ್ದೆ. ಅವಳ ಅಜ್ಜಿ ಎರಡು ಹಾಡುಗಳನ್ನು ಕೇಳಿದ ಕೂಡಲೆ ಯಾರು ಹಾಡುತ್ತಿದ್ದರೆಂದು ಗುರುತು ಹೇಳಿದರಂತೆ. ಇಬ್ಬರೂ ಈಗ ಇಲ್ಲ. ಆ ಎರಡು ಪುಟಗಳಲ್ಲಿ ಹೆಸರು ಬರೆದಿದ್ದೇನೆ. ಒಂಬತ್ತು ಉಳಿದಿವೆ.